ಎಸಿಎಲ್ ಆಪರೇಷನ್ ಆಗಿ 8 ತಿಂಗಳು, ತಂಗಿಯನ್ನು ಮತ್ತೆ ಕಬಡ್ಡಿಗೆ ಇಳಿಸಬಹುದಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಗೆ 19 ವರ್ಷ, ಕಬಡ್ಡಿ ರೈಡರ್. ಎಡ ಮಂಡಿಯ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಮುಖ್ಯ ಕಟ್ಟು) ಹರಿದು ಆಪರೇಷನ್ ಆಯಿತು. ಫಿಸಿಯೋ ಒಂದು ದಿನವೂ ತಪ್ಪಿಸಿಲ್ಲ, ಈಗ ಊತವೂ ಇಲ್ಲ.

ಹೋದ ವಾರ ಟೆಸ್ಟ್ ಮಾಡಿಸಿದೆವು. ಒಂಟಿ ಕಾಲಲ್ಲಿ ಹಾರುವ ಹಾಪ್ ಟೆಸ್ಟ್‌ನಲ್ಲಿ ಬಲಗಾಲಿಗೆ ಹೋಲಿಸಿದರೆ 94% ಬಂತು, ಆದರೆ ತೊಡೆಯ ಮುಂಭಾಗದ ಬಲ 81% ಮಾತ್ರ. ಅದು 90 ದಾಟಬೇಕು, 9 ತಿಂಗಳಾದರೂ ಕಳೆಯಬೇಕು ಅನ್ನುತ್ತಾರೆ ಫಿಸಿಯೋ. ಕೋಚ್ ಮಾತ್ರ, ಚೆನ್ನಾಗಿ ಹಾರುತ್ತಾಳಲ್ಲ, ಬ್ರೇಸ್ (ಮಂಡಿಗೆ ಆಧಾರ ಕೊಡುವ ಪಟ್ಟಿ) ಹಾಕಿ ಆಡಿಸೋಣ ಅನ್ನುತ್ತಾರೆ.

ನನ್ನ ಗೊಂದಲ ಇಲ್ಲೇ. ಇಷ್ಟು ದಿನ ಆಟವಿಲ್ಲದೆ ಬಲಗಾಲೂ ಸೊರಗಿರುತ್ತದೆ ಅಲ್ವಾ? ಅದಕ್ಕೆ ಹೋಲಿಸಿದ 94ನ್ನು ಎಷ್ಟು ನಂಬೋದು? ಇನ್ನೊಂದು ವಿಷಯ, ಅವಳು ಓಡಿ ಬಂದು ತಿರುಗುವಾಗ ಎಡಗಾಲಿನ ಮೇಲೆ ಭಾರ ಹಾಕೋದೇ ಇಲ್ಲ, ಎರಡು ಸಣ್ಣ ಹೆಜ್ಜೆ ಇಟ್ಟು ಬಲಗಾಲಲ್ಲೇ ತಿರುಗುತ್ತಾಳೆ. ಕೇಳಿದರೆ ನೋವಿಲ್ಲ ಅನ್ನುತ್ತಾಳೆ. ನನಗೆ ಕಾಣೋದು ಭಯ.

ಸ್ಪೋರ್ಟ್ಸ್ ಫಿಸಿಯೋಗಳು, ಈ ಆಪರೇಷನ್ ಆಗಿ ಮತ್ತೆ ಆಡಿದವರು ದಯವಿಟ್ಟು ಹೇಳಿ: ಹಾಪ್ ಟೆಸ್ಟ್ ಪಾಸಾಗಿ ಬಲ ಕಡಿಮೆ ಇದ್ದರೆ ಯಾವುದನ್ನು ನಂಬಬೇಕು? ಭಯ ಅಳೆಯಲು ಎಸಿಎಲ್-ಆರ್‌ಎಸ್‌ಐ ಅನ್ನೋ 12 ಪ್ರಶ್ನೆಗಳ ಪಟ್ಟಿ ಸಾಕಾ, ಇಲ್ಲಾ ತಿರುಗಿ ಓಡುವ ಟೆಸ್ಟ್ ಕೂಡ ಮಾಡಿಸಲೇಬೇಕಾ?