ಮಕ್ಕಳಿಗೆ ಹೇಳಬೇಕಾ, ಬೇಡವಾ?

ಪ್ರಶ್ನೆ: ಇಲ್ಲಿ ಅಮೆರಿಕದಲ್ಲಿ ಪೊಲೀಸರು ಕಪ್ಪು ಜನರ ಮೇಲೆ ಕೈ ಮಾಡುವ ವಿಷಯ ನಮ್ಮ ಕನ್ನಡದ ಮಕ್ಕಳ ತಲೆಗೆ ಯಾಕೆ ತುಂಬಬೇಕು? ಅದು ಅವರವರ ಜಗಳ ಅಲ್ವಾ?

ಅಲ್ಲ ಸರ್. 2015ರ ಫೆಬ್ರವರಿ, ಅಲಬಾಮಾದ ಮ್ಯಾಡಿಸನ್. ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57ರ ಸುರೇಶ್‌ಭಾಯಿ ಪಟೇಲ್ ಬೆಳಿಗ್ಗೆ ಮಗನ ಬೀದಿಯಲ್ಲೇ ವಾಕಿಂಗ್ ಹೊರಟಿದ್ದರು. ಯಾರೋ ತುರ್ತು ಸಂಖ್ಯೆ 911ಕ್ಕೆ ಫೋನ್ ಮಾಡಿ ‘ಸಣಕಲು ಕಪ್ಪು ಮನುಷ್ಯ’ ಓಡಾಡ್ತಿದ್ದಾನೆ ಅಂದರು. ‘ನೋ ಇಂಗ್ಲಿಷ್’ ಅಂದ ಅಜ್ಜನ ಕೈ ಹಿಂದಕ್ಕೆ ಹಿಡಿದು ಪೊಲೀಸಿನವನು ನೆಲಕ್ಕೆ ಕೆಡವಿದ. ಮೈಯ ಸ್ವಾಧೀನ ಭಾಗಶಃ ಹೋಯಿತು. ಆ ಪೊಲೀಸನ ಮೇಲಿನ ಕೇಸಿನಲ್ಲಿ ಎರಡು ಸಲ ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, 2016ರಲ್ಲಿ ಜಡ್ಜ್ ಆತನನ್ನು ಖುಲಾಸೆ ಮಾಡಿದರು.

ಊರಿನಿಂದ ಅಪ್ಪ-ಅಮ್ಮ ಬಂದಾಗ ಮನೆ ವಿಳಾಸ, ನಿಮ್ಮ ಫೋನ್ ನಂಬರ್, ‘ಇವರಿಗೆ ಕನ್ನಡ ಮಾತ್ರ ಬರುತ್ತದೆ’ ಅಂತ ಇಂಗ್ಲಿಷಿನಲ್ಲಿ ಬರೆದ ಕಾರ್ಡ್ ಕೊಡಿ. ಜೇಬಿನಲ್ಲಿ ಬೇಡ, ಜೇಬಿಗೆ ಕೈ ಹೋಗುವುದೇ ಅಪಾಯ, ಗನ್ ತೆಗೀತಿದ್ದಾರೆ ಅಂತ ಪೊಲೀಸರಿಗೆ ಅನ್ನಿಸಬಹುದು. ಆಫೀಸ್ ಐಡಿ ತರ ಕೊರಳಿಗೆ ಹಾಕಿ.

—

ಕಾರು ಕಲಿಯುವ ಮಕ್ಕಳಿಗೆ: ಹಿಂದೆ ಪೊಲೀಸ್ ಕಾರಿನ ಲೈಟ್ ಮಿನುಗಿದರೆ ಇಂಡಿಕೇಟರ್ ಹಾಕಿ ಬಲಕ್ಕೆ ನಿಲ್ಲಿಸಬೇಕು. ಎಂಜಿನ್ ಆಫ್, ಗಾಜು ಕೆಳಗೆ, ರಾತ್ರಿಯಾದರೆ ಒಳಗಿನ ದೀಪ, ಎರಡೂ ಕೈ ಸ್ಟೀರಿಂಗ್ ಮೇಲೆ. ಮಕ್ಕಳು ಎಡವುವುದು ಇಲ್ಲೇ: ಕೇಳುವ ಮೊದಲೇ ಕಾಗದಕ್ಕೆ ಗ್ಲವ್ ಬಾಕ್ಸ್ ತೆಗೀತಾರೆ. ‘ರಿಜಿಸ್ಟ್ರೇಷನ್ ಅಲ್ಲಿದೆ, ತೆಗೆಯಲಾ?’ ಅಂತ ಕೇಳಿ ಆಮೇಲೆ ಕೈ ಚಾಚಲಿ. ಇಳಿ ಅಂದರೆ ಇಳಿಯಲೇಬೇಕು, 1977ರಿಂದ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿದೆ. ಕಾರಿನೊಳಗೆ ಶೋಧಿಸಲು ಮಾತ್ರ ‘ಒಪ್ಪಿಗೆ ಇಲ್ಲ’ ಅಂತ ಮೆಲ್ಲಗೆ ಹೇಳಬಹುದು, ಅಡ್ಡ ನಿಲ್ಲಬಾರದು.

—

ಇಷ್ಟು ಮಾಡಿದರೆ ಸಾಕು ಅಂತ ಮಾತ್ರ ಮಕ್ಕಳಿಗೆ ಹೇಳಬೇಡಿ, ಅದು ಸುಳ್ಳು. 2016ರಲ್ಲಿ ಮಿನೆಸೋಟದಲ್ಲಿ ಪೊಲೀಸ್ ಕಾರು ನಿಲ್ಲಿಸಿದಾಗ ಕಪ್ಪು ಚಾಲಕ ಫಿಲಾಂಡೊ ಕ್ಯಾಸ್ಟಿಲ್ ‘ಸರ್, ನನ್ನ ಹತ್ತಿರ ಗನ್ ಇದೆ’ ಅಂತ ಮರ್ಯಾದೆಯಿಂದ ತಾವಾಗಿಯೇ ಹೇಳಿದರು, ಲೈಸೆನ್ಸೂ ಇತ್ತು. ಕೆಲವೇ ಸೆಕೆಂಡಿನಲ್ಲಿ ಗುಂಡು. ಹಿಂದಿನ ಸೀಟಿನಲ್ಲಿ 4 ವರ್ಷದ ಮಗು. ಆ ಪೊಲೀಸನೂ ಖುಲಾಸೆ. ನಾಲ್ಕು ವರ್ಷದ ನಂತರ, ಅಲ್ಲಿಂದ ಹೆಚ್ಚು ದೂರವಿಲ್ಲದ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಕಪ್ಪು ಮನುಷ್ಯ ಜಾರ್ಜ್ ಫ್ಲಾಯ್ಡ್ ಸಾವು. ಪೊಲೀಸರ ಮೊದಲ ಪ್ರಕಟಣೆಯಲ್ಲಿ ಇದ್ದದ್ದು ಬರೀ ‘ವೈದ್ಯಕೀಯ ಘಟನೆ’. ಪೊಲೀಸನೊಬ್ಬ ಅವರ ಕುತ್ತಿಗೆ ಮೇಲೆ 9 ನಿಮಿಷ 29 ಸೆಕೆಂಡ್ ಮಂಡಿ ಊರಿದ್ದು ಜಗತ್ತಿಗೆ ಗೊತ್ತಾಗಿದ್ದು 17ರ ಹುಡುಗಿಯೊಬ್ಬಳ ಫೋನ್ ವಿಡಿಯೊದಿಂದ. ಜನ ಬೀದಿಗಿಳಿದದ್ದು ಆ ಸಾವಿಗೆ ಎಷ್ಟೋ, ಹಿಂದೆ ಹೀಗೆ ಮುಚ್ಚಿಹೋದವುಗಳಿಗೂ ಅಷ್ಟೇ. ಟಿವಿಯಲ್ಲಿ ಸುಟ್ಟ ಅಂಗಡಿ ನೋಡಿ ‘ಗಲಾಟೆ’ ಅಂತ ಮುಗಿಸುವವರು ಆ ಪ್ರಕಟಣೆಯನ್ನೂ ಮಕ್ಕಳಿಗೆ ಓದಿಸಲಿ.

—

ಒಂದು ಬಿಟ್ಟುಹೋಯ್ತು. ಫೋನ್ ಮಾಡುವವರು ನಾವೂ ಆಗಿರ್ತೀವಿ. ಗೊತ್ತಿಲ್ಲದವರು ಬೀದಿಯಲ್ಲಿ ನಡೆದರೆ 911 ಒತ್ತಬೇಡಿ. ಒತ್ತಲೇಬೇಕಾದರೆ ಆತ ಏನು ಮಾಡುತ್ತಿದ್ದಾನೆ ಅನ್ನೋದರಿಂದ ಶುರು ಮಾಡಿ. ಮಾನಸಿಕವಾಗಿ ಕಂಗೆಟ್ಟವರಿಗೆ 988 ಸಹಾಯವಾಣಿ ಇದೆ.