ಮೈನಸ್ 25ರಲ್ಲಿ ಸೈಕಲ್ ಹಬ್‌ಗೆ ಯಾವ ಗ್ರೀಸ್ ಹಾಕ್ತೀರ?

ಮಿನಿಯಾಪೊಲಿಸ್ ಸವಾರ:
ಎಲ್ರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಎರಡನೇ ಚಳಿಗಾಲ, ಆಫೀಸಿಗೆ ದಿನಾ ಮಿಡ್‌ಟೌನ್ ಗ್ರೀನ್‌ವೇ ಅನ್ನೋ ಸೈಕಲ್ ದಾರಿ ಮೇಲೆ ಸೈಕಲ್ಲಲ್ಲೇ ಹೋಗ್ತೀನಿ. ಸೈಕಲ್ ಹಿತ್ಲಲ್ಲಿರೋ ಶೆಡ್ಡಲ್ಲಿರುತ್ತೆ, ಅಲ್ಲಿ ಹೀಟರ್ ಇಲ್ಲ. ಅಕ್ಟೋಬರಲ್ಲಿ ನಾನೇ ಎರಡೂ ಹಬ್ (ಚಕ್ರದ ನಡುವೆ ಗೋಲಿ ಇರೋ ಭಾಗ) ಬಿಚ್ಚಿ ಗೋಲಿ ತೊಳೆದು ಕಾರಿನ ವೀಲ್ ಬೇರಿಂಗ್ ಗ್ರೀಸ್ ತುಂಬಿದ್ದೆ, ಹಿಂದಿನ ಹಬ್ಬಲ್ಲಿ ಮುಂದಕ್ಕೆ ತುಳಿದಾಗ ಕಚ್ಚಿ, ಬಿಟ್ಟಾಗ ಜಾರೋ ಫ್ರೀಹಬ್ ಒಳಗೂ ಸ್ವಲ್ಪ ಹಾಕಿದ್ದೆ. ಮೈನಸ್ 10ರ ತನಕ ಏನೂ ತೊಂದ್ರೆ ಇರ್ಲಿಲ್ಲ. ಮೊನ್ನೆ ಬೆಳಿಗ್ಗೆ ಮೈನಸ್ 25 ಸೆಲ್ಸಿಯಸ್, ಪೆಡಲ್ ತುಳಿದ್ರೆ ಚೈನ್ ಓಡುತ್ತೆ, ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳು) ತಿರುಗುತ್ತೆ, ಚಕ್ರ ಮಾತ್ರ ಅಲ್ಲೇ ನಿಂತಿರುತ್ತೆ. ಹಿಂದಕ್ಕೆ ತುಳಿದಾಗ ಬರೋ ಟಿಕ್ ಟಿಕ್ ಸೌಂಡೂ ಇಲ್ಲ. ಮನೆ ಒಳಗೆ ಹತ್ತು ನಿಮಿಷ ಇಟ್ಟ ಮೇಲೆ ಸರಿಹೋಯ್ತು ಅಂತ ಹೊರಟೆ, ಸಿಗ್ನಲ್ಲಲ್ಲಿ ಎದ್ದು ನಿಂತು ತುಳೀವಾಗ ಮತ್ತೆ ಜಾರಿ ಮೊಣಕಾಲು ಹ್ಯಾಂಡಲ್‌ಗೆ ಹೊಡೀತು. ಡಬ್ಬದ ಮೇಲೆ ಎನ್‌ಎಲ್‌ಜಿಐ (ಗ್ರೀಸ್ ಎಷ್ಟು ಗಟ್ಟಿ ಅನ್ನೋ ನಂಬರ್) 2 ಅಂತಿದೆ, ಅಂಗಡೀಲಿ ಸಿಗೋ ಸೈಕಲ್ ಗ್ರೀಸೂ 2ನೇ. ಹಂಗಾದ್ರೆ 1 ಅಥವಾ 0 ತಗೋಬೇಕಾ?

ಎಡ್ಮಂಟನ್ ಕನ್ನಡಿಗ:
ಗುರು, ಫ್ರೀಹಬ್ ಸರಿಮಾಡೋ ತನಕ ಟ್ರಾಫಿಕ್ಕಲ್ಲಿ ದಯವಿಟ್ಟು ಎದ್ದು ತುಳೀಬೇಡ. ಅದರೊಳಗೆ ಸ್ಪ್ರಿಂಗ್ ಮೇಲೆ ಕೂತಿರೋ ಪುಟ್ಟ ಹಲ್ಲುಗಳಿರುತ್ತೆ, ಪಾಲ್ ಅಂತಾರೆ, ಅವು ಎದ್ದು ಸುತ್ತ ಇರೋ ಹಲ್ಲಿನ ರಿಂಗಿಗೆ ಕಚ್ಚಿಕೊಂಡ್ರೇನೇ ಚಕ್ರ ತಿರುಗೋದು. ಆ ಸ್ಪ್ರಿಂಗ್ ಕೂದಲೆಳೆಯಷ್ಟು ಸಣ್ಣ, ಗ್ರೀಸ್ ಮೇಣದಂಗಾದ್ರೆ ಅದಕ್ಕೆ ಪಾಲ್ ಎತ್ತೋಕಾಗಲ್ಲ, ಸೌಂಡ್ ನಿಂತಿದ್ದೂ ಅದಕ್ಕೇ.

ನಂಬರ್ ನೋಡಿ ಮೋಸಹೋಗ್ಬೇಡ. ಎನ್‌ಎಲ್‌ಜಿಐ ಅಳೆಯೋದು ಪ್ಲಸ್ 25 ಡಿಗ್ರೀಲಿ, ಚಳೀಲಲ್ಲ. ಊರಲ್ಲಿ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಎರಡೂ ಮಧ್ಯಾಹ್ನ ಒಂದೇ ಥರ ಹರಿಯುತ್ತೆ, ಡಿಸೆಂಬರ್ ಬೆಳಿಗ್ಗೆ ಕೊಬ್ಬರಿ ಎಣ್ಣೆ ಮಾತ್ರ ಬಾಟ್ಲಲ್ಲಿ ಕಟ್ಟಿಕೊಂಡಿರುತ್ತಲ್ಲ, ಹಂಗೇ ಇದೂ. ಗ್ರೀಸ್ ಅಂದ್ರೆ ಎಣ್ಣೆ, ಅದನ್ನ ಹಿಡಿದಿಟ್ಟುಕೊಳ್ಳೋಕೆ ಒಂದು ಸೋಪು; ಚಳೀಲಿ ಕೈಕೊಡೋದು ಎಣ್ಣೆ. ಡೇಟಾಶೀಟಲ್ಲಿ ಬೇಸ್ ಆಯಿಲ್ ವಿಸ್ಕಾಸಿಟಿ, ಅಂದ್ರೆ ಆ ಎಣ್ಣೆ ಎಷ್ಟು ದಪ್ಪ ಅನ್ನೋದು, ನೋಡು, ಕಾರಿನ ಗ್ರೀಸಲ್ಲಿ ಸಾಮಾನ್ಯವಾಗಿ 40 ಡಿಗ್ರೀಲಿ 150-220 ಸೆಂಟಿಸ್ಟೋಕ್ ಇರುತ್ತೆ, ನಮ್ಮ ಚಳಿಗೆ ಅದು ತುಂಬಾ ದಪ್ಪ. ನಾನು ಹಬ್‌ಗೆ ಹಾಕೋದು ವಿಮಾನಕ್ಕೆ ಬಳಸೋ ಏರೋಶೆಲ್ 33, ಅದು ಮೈನಸ್ 73ರ ತನಕ ನಡೆಯುತ್ತೆ. ಹಳೇದನ್ನ ಪೂರ್ತಿ ತೊಳೆದೇ ಹಾಕು, ಬೇರೆ ಬೇರೆ ಸೋಪಿನ ಗ್ರೀಸ್ ಬೆರೆತ್ರೆ ಕೆಲವು ಸಲ ನೀರಾಗಿ ಸೋರಿಹೋಗುತ್ತೆ.

ನಿನ್ನ ಫ್ರೀಹಬ್‌ಗೆ ಗ್ರೀಸೇ ಬೇಡ. ಮಿನರಲ್ ಸ್ಪಿರಿಟ್ಸಲ್ಲಿ (ಪೇಂಟ್ ತೆಳು ಮಾಡೋ ದ್ರವ) ತೊಳೆದು ಒಣಗಿಸಿ ಝೀರೋ ಡಬ್ಲ್ಯೂ 20 ಇಂಜಿನ್ ಆಯಿಲ್ ಐದಾರು ಹನಿ ಬಿಡು ಸಾಕು.

ಔಲು, ಫಿನ್ಲೆಂಡ್:
ಮೇಲೆ ಹೇಳಿದ್ದೆಲ್ಲ ಸರಿ, ಆದ್ರೆ ಇಡೀ ಸೈಕಲ್‌ಗೆ ತೆಳು ಗ್ರೀಸ್ ಹಾಕೋಕೆ ಹೋಗ್ಬೇಡಿ. ಹೆಡ್‌ಸೆಟ್ (ಹ್ಯಾಂಡಲ್ ತಿರುಗೋ ಕಡೆಯ ಬೇರಿಂಗ್) ತಿರುಗೋದೇ ಅಷ್ಟಿಷ್ಟು, ಅಲ್ಲಿ ದಪ್ಪ ಗ್ರೀಸೇ ಇರ್ಲಿ, ರಸ್ತೆಯ ಉಪ್ಪುನೀರು ಒಳಗೆ ಹೋಗದಂಗೆ ತಡೆಯುತ್ತೆ. ತೆಳುವಿಂದು ಬೇಗ ತೊಳೆದುಹೋಗುತ್ತೆ, ನಾನು ಚಳಿಗಾಲದ ಮಧ್ಯೆ ಒಂದ್ಸಲ ಹಬ್ ಬಿಚ್ಚೇ ಬಿಚ್ತೀನಿ.

ಇನ್ನೊಂದು, ಹತ್ತು ನಿಮಿಷ ಒಳಗೆ ತಂದ್ರಿ ಅಂದ್ರಲ್ಲ, ಅದು ನನಗೆ ಭಯ. ಮೆತ್ತಿದ್ದ ಹಿಮ ಕರಗಿ ನೀರು ಫ್ರೀಹಬ್ಬಿಗೆ, ಕೇಬಲ್ಲಿಗೆ ಇಳಿಯುತ್ತೆ, ಹೊರಗೆ ಹೋದ ತಕ್ಷಣ ಐಸ್. ತಂದ್ರೆ ರಾತ್ರಿಯಿಡೀ ಪೂರ್ತಿ ಒಣಗ್ಲಿ, ಇಲ್ಲಾಂದ್ರೆ ಶೆಡ್ಡಲ್ಲೇ ಇರ್ಲಿ.

ಮಿನಿಯಾಪೊಲಿಸ್ ಸವಾರ:
ಅಣ್ಣ, ಮೇಡಂ, ಇಬ್ರಿಗೂ ತುಂಬಾ ಥ್ಯಾಂಕ್ಸ್. ಡಬ್ಬದ ಮುಚ್ಚಳದ ಮೇಲೆ ಕಾರಿನ ಗ್ರೀಸ್ ಒಂದು ಉಂಡೆ, ವಿಮಾನದ್ದು ಒಂದು ಉಂಡೆ ಇಟ್ಟು ರಾತ್ರಿ ಶೆಡ್ಡಲ್ಲಿ ಬಿಟ್ಟಿದ್ದೆ. ಬೆಳಿಗ್ಗೆ ಟೂತ್‌ಪಿಕ್ ಚುಚ್ಚಿದ್ರೆ ಮೊದಲನೇದ್ರಲ್ಲಿ ಕಡ್ಡಿ ಮುರೀತು, ಎರಡನೇದು ಬೆಣ್ಣೆ ಥರ ಬಿಡ್ತು. ಫ್ರೀಹಬ್ ತೊಳೆದು ಎಣ್ಣೆ ಬಿಟ್ಟಿದೀನಿ, ಇವತ್ತು ಮೈನಸ್ 23, ಹಿಂದಿನ ಚಕ್ರ ಎತ್ತಿ ತಿರುಗಿಸಿದ್ರೆ ಟಿಕ್ ಟಿಕ್ ವಾಪಸ್ ಬಂದಿದೆ. ಶನಿವಾರ ಮುಂದಿನ ಹಬ್ ಬಿಚ್ತೀನಿ, ಗೋಲಿಗಳನ್ನ ಒತ್ತಿ ಹಿಡಿಯೋ ಕೋನ್ ಎಷ್ಟು ಟೈಟ್ ಮಾಡ್ಲಿ?

ಎಡ್ಮಂಟನ್ ಕನ್ನಡಿಗ:
ಕ್ವಿಕ್ ರಿಲೀಸ್ (ಚಕ್ರ ಬಿಗಿಯೋ ಲಿವರ್) ಹಾಕೋ ಮುಂಚೆ ಒಂಚೂರು ಸಡಿಲ ಇರ್ಲಿ, ಬಿಗಿದ ಮೇಲೆ ಹೋಗುತ್ತೆ. ರಿಮ್ ಹಿಡಿದು ಅಲ್ಲಾಡಿಸಿ ನೋಡು.