ಪೊರೆ ಬಲಿಯುವವರೆಗೆ ಕಾಯಬೇಕೆ?

ಜಗಳೂರು ತಾಲ್ಲೂಕಿನಿಂದ ಪ್ರಶ್ನೆ: ನನ್ನ ತಾಯಿಗೆ 71 ವರ್ಷ, ಶುಗರ್ ಇದೆ. ಎರಡೂ ಕಣ್ಣು ಮಂಜಾಗಿ, ಅಕ್ಕಿಯಲ್ಲಿರುವ ಕಲ್ಲು ಕಾಣುವುದಿಲ್ಲ. ಸಂಜೆಯಾದರೆ ಗೋಡೆ ಹಿಡಿದು ಹಿತ್ತಲಿಗೆ ಹೋಗುತ್ತಾರೆ. ಪೊರೆ ಇನ್ನೂ ಬಲಿತಿಲ್ಲ, ಮೆಕ್ಕೆಜೋಳದ ಕೊಯ್ಲು ಮುಗಿಯಲಿ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಚಳ್ಳಕೆರೆಯಿಂದ: ಇದೇ ಮಾತನ್ನು ನಂಬಿ ನಾವು ನಮ್ಮ ತಂದೆಯವರ ಎಡಗಣ್ಣನ್ನು ಕಳೆದುಕೊಂಡೆವು. ಪೊರೆ ತೆಗೆದ ಮೇಲೆ ಸೋಡಾ ಗಾಜಿನಂಥ ದಪ್ಪ ಕನ್ನಡಕ ಹಾಕಿಕೊಳ್ಳಬೇಕಾಗಿದ್ದ ಕಾಲದಲ್ಲಿ ಬಲಿಯುವವರೆಗೆ ಕಾಯುವುದಕ್ಕೆ ಅರ್ಥವಿತ್ತು. ಈಗ ಸಣ್ಣ ಸೀಳಿನ ಮೂಲಕ ಪೊರೆ ತೆಗೆದು ಕಣ್ಣಿನೊಳಗೇ ಕೃತಕ ಮಸೂರ ಕೂರಿಸುವುದರಿಂದ, ದಿನದ ಕೆಲಸಕ್ಕೆ ಅಡ್ಡಿಯಾಯಿತೆಂದರೆ ಅದೇ ಸಕಾಲ. ತೀರಾ ಬಲಿತ ಪೊರೆಯಿಂದ ದ್ರವ ಸೋರಿ ಕಣ್ಣಿನ ಒತ್ತಡ ಏರಿದರೆ ದೃಷ್ಟಿನರವೇ ಹಾಳಾಗಬಹುದೆಂಬುದು ನಮಗೆ ಆಮೇಲೆ ತಿಳಿಯಿತು. ಗೌರಿ ಹಬ್ಬದ ರಾತ್ರಿ ತಂದೆಯವರ ಕಣ್ಣು ಕೆಂಡದಂತಾಗಿ, ತಲೆನೋವಿನೊಂದಿಗೆ ವಾಂತಿಯೂ ಶುರುವಾದಾಗ ನಾವು ಪಿತ್ತವೆಂದುಕೊಂಡು ನಿಂಬೆಹಣ್ಣಿನ ಪಾನಕ ಕುಡಿಸಿ ಮಲಗಿಸಿದೆವು. ಇದನ್ನು ಬರೆಯಲು ಇಂದಿಗೂ ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ವೈದ್ಯರ ಬಳಿಗೆ ಹೋಗುವಷ್ಟರಲ್ಲಿ ಆ ಕಣ್ಣಿಗೆ ಬೆಳಕು ಕತ್ತಲೆಗಳ ಭೇದವೂ ಉಳಿದಿರಲಿಲ್ಲ. ಬಲಗಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳೇ ಆಯಿತು. ಪಟ್ಟಿ ಬಿಚ್ಚಿದ ದಿನ ಅವರು ಎದುರಿನ ಗೋಡೆಯ ಕ್ಯಾಲೆಂಡರ್ ನೋಡಿ, ಅಮಾವಾಸ್ಯೆ ಯಾವ ವಾರ ಬೀಳುತ್ತದೆಂದು ತಾವೇ ಓದಿ ಹೇಳಿದರು.

ದಾವಣಗೆರೆಯಿಂದ, ಕಣ್ಣಿನ ವಿಭಾಗದಲ್ಲಿ ನರ್ಸ್ ಆಗಿದ್ದವರು: ಮೇಲಿನವರ ಮಾತು ಸರಿ, ಆದರೆ ಎಲ್ಲ ಮಂಜೂ ಪೊರೆಯದಲ್ಲ ಎಂಬುದನ್ನು ಸೇರಿಸುತ್ತೇನೆ. 2015–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 50 ದಾಟಿದವರ ಅಂಧತ್ವದಲ್ಲಿ ಶೇ 66ರಷ್ಟಕ್ಕೆ ಪೊರೆ ಕಾರಣ. ಉಳಿದ ಪಾಲಿನಲ್ಲಿ ದೃಷ್ಟಿನರವನ್ನು ಹಾಳುಮಾಡುವ ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ (ಕಣ್ಣಿನ ಹಿಂಭಾಗದ ಪರದೆಗೆ) ಆಗುವ ಹಾನಿ ಮೊದಲಾದವು ಇವೆ, ಮತ್ತು ಇವೆರಡರಲ್ಲಿ ಹೋದ ದೃಷ್ಟಿ ಸಾಮಾನ್ಯವಾಗಿ ಮರಳುವುದಿಲ್ಲ. ಆದ್ದರಿಂದ ಕಣ್ಣಿನ ಒತ್ತಡವನ್ನು ಅಳೆಸಿ, ಪಾಪೆ ಹಿಗ್ಗಿಸುವ ಹನಿ ಹಾಕಿಸಿ ಅಕ್ಷಿಪಟಲವನ್ನೂ ತೋರಿಸಿ. ಆ ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಇನ್ನಷ್ಟು ಮಂಜಾಗಿರುವುದರಿಂದ ಅಮ್ಮನವರನ್ನು ಒಬ್ಬರನ್ನೇ ಬಸ್ಸಿಗೆ ಹತ್ತಿಸಬೇಡಿ. 1976ರಲ್ಲಿ ಆರಂಭವಾದ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಪೊರೆಯ ಶಸ್ತ್ರಚಿಕಿತ್ಸೆ ಉಚಿತ. ನಿಮಗೆ ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ ಹತ್ತಿರವಾಗಬಹುದು. ಶುಗರ್ ಹತೋಟಿಗೆ ಬರಲಿ ಎಂದು ವೈದ್ಯರು ದಿನ ಮುಂದಕ್ಕೆ ಹಾಕಿದರೆ ಬೇಸರಿಸಬೇಡಿ. ಅದು ಕೊಯ್ಲಿಗಾಗಿ ಮುಂದೂಡಿದಂತಲ್ಲ. ಶಸ್ತ್ರಚಿಕಿತ್ಸೆಯ ನಂತರ ಹನಿಗಳನ್ನು ಹೇಳಿದಷ್ಟು ವಾರ ತಪ್ಪದೆ ಹಾಕಿ. ನೋವು ಹೆಚ್ಚಿ ದೃಷ್ಟಿ ಕುಗ್ಗಿದರೆ, ಮಧ್ಯರಾತ್ರಿಯಾದರೂ ಹೊರಡಿ.

ಹೊಸದುರ್ಗದಿಂದ: ಮೆಡಿಕಲ್ ಶಾಪಿನಿಂದ ಕೇಳಿ ತಂದ ಹನಿಯನ್ನು ತಿಂಗಳುಗಟ್ಟಲೆ ಹಾಕಬೇಡಿ. ಸ್ಟಿರಾಯ್ಡ್ ಇರುವ ಹನಿ ಮೊದಲು ಹಿತವೆನಿಸಿದರೂ ಕಣ್ಣಿನ ಒತ್ತಡವನ್ನು ಏರಿಸಬಹುದು, ಪೊರೆಯನ್ನೂ ತರಬಹುದು.

ಚನ್ನಗಿರಿಯಿಂದ: ಅಮ್ಮನವರನ್ನೇ ಒಮ್ಮೆ ಕೇಳಿದ್ದೀರಾ? ನಮ್ಮ ಅತ್ತೆಯವರು ಆಪರೇಷನ್ ಬೇಡವೆಂದು ಒಂದು ವರ್ಷ ಹಠ ಹಿಡಿದಿದ್ದರು. ಹೆದರಿಕೆಯೆಂದು ನಾವೆಲ್ಲ ಧೈರ್ಯ ಹೇಳಿದ್ದೇ ಹೇಳಿದ್ದು. ಕೊನೆಗೆ ಒಂದು ದಿನ, ಬೇರೆಯವರ ಕೈಗೆ ಒಗ್ಗದ ಎಮ್ಮೆಯನ್ನು ಅಷ್ಟು ದಿನ ಕರೆಯುವವರು ಯಾರು ಎಂದರು. ಅವರ ತಂಗಿ ಎಂಟು ದಿನ ಮೊದಲೇ ಬಂದು ಎಮ್ಮೆಯನ್ನು ಪಳಗಿಸಿಕೊಂಡ ಮೇಲೆ, ಅವರೇ ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡು ಸಿದ್ಧರಾದರು.